ರಸ್ತೆಯಾಚೆಯ ಕಾಲೇಜು

ನಮ್ಮ ಕಾಲೇಜಿಗೆ ಇತಿಹಾಸ ಕಲಿಸಲು ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಕಳೆದ ತಿಂಗಳು ಮನೆಗೆ ಬಂದಿದ್ದರು. ನಾನು ನಿವೃತ್ತಳಾಗಿ ಇನ್ನೂ ವರ್ಷ ತುಂಬಿಲ್ಲ. 'ಪಾಠ ಹೆಂಗ ಮಾಡಬೇಕು ಅನ್ನೋದು ಗೊತ್ತೈತ್ರಿ ಮೇಡಂ. ಕೆಲಸ ಖರೇ ಹೆಂಗಿರ್ತೈತಿ, ಅದನ್ನ ಹೇಳ್ರಿ' ಎಂದರು. ಚಹಾ ಕೊಟ್ಟು, ಹಾಜರಿ ಪುಸ್ತಕ ಹೇಗೆ ಇಡಬೇಕು, ಪರೀಕ್ಷಾ ಕೋಣೆಯಲ್ಲಿ ಎಲ್ಲಿ ನಿಂತರೆ ಎಲ್ಲ ಬೆಂಚುಗಳೂ ಕಾಣುತ್ತವೆ ಎಂದೆಲ್ಲ ಹೇಳಿ ಕಳಿಸಿದೆ. ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಅದನ್ನು ಬಾಯಿಂದ ಹೇಳಲು ಆಗಲಿಲ್ಲ, ಬರೆಯುತ್ತಿದ್ದೇನೆ.

ಸಿಂದಗಿಯ ಒಂದು ರಸ್ತೆಯ ಈ ಬದಿಗೆ ನಮ್ಮ ಮಹಿಳಾ ಕಾಲೇಜು, ಆ ಬದಿಗೆ ಹುಡುಗ ಹುಡುಗಿಯರು ಕೂಡಿ ಓದುವ ಕಲಾ ಕಾಲೇಜು. ಎರಡರ ಹೆಸರೂ ಇಲ್ಲಿ ಬೇಡ. ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ನಮ್ಮದು 'ಹೆಣ್ಮಕ್ಕಳ ಕಾಲೇಜ', ಅವರದು 'ದೊಡ್ಡ ಕಾಲೇಜ'. ಕೆಲವು ವರ್ಷ ನಮ್ಮಲ್ಲೇ ಹೆಚ್ಚು ವಿದ್ಯಾರ್ಥಿಗಳಿದ್ದರು, ಆಗಲೂ ಅದು ದೊಡ್ಡದೇ. ಅವರಿಗೆ ಮೈದಾನವಿತ್ತು, ಭೂಗೋಳ ವಿಭಾಗವಿತ್ತು, ನಾಟಕದ ತಂಡವಿತ್ತು. ನಮಗೆ ಎತ್ತರದ ಕಂಪೌಂಡ್ ಇತ್ತು. ನಮ್ಮ ಸ್ಟಾಫ್ ರೂಮು ಮಹಡಿಯ ಮೇಲಿದ್ದುದರಿಂದ ಕಂಪೌಂಡಿನ ಆಚೆಗೆ ಅವರ ಮೈದಾನ ಕಾಣುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಆ ಕಿಟಕಿಯ ಪಕ್ಕದ ಕುರ್ಚಿಯನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಗಾಳಿಗೆ ಕೂರುತ್ತಾರೆ ಎಂದು ಎಲ್ಲರೂ ತಿಳಿದಿದ್ದರು.

ಅಲ್ಲಿ ಭೂಗೋಳ ಕಲಿಸುತ್ತಿದ್ದವಳು ಮೆಹರುನ್ನಿಸಾ. ನಾನು ಮಸೂತಿ ಎಂಬ ಹಳ್ಳಿಯವಳು, ಅವಳು ಕೊಲ್ಹಾರದವಳು. ಬಸವನ ಬಾಗೇವಾಡಿಯಲ್ಲಿ ಬಿ.ಎ. ಓದುವಾಗ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಎಂ.ಎ. ಮುಗಿದ ಮೇಲೆ ದೊಡ್ಡ ಕಾಲೇಜು ಇತಿಹಾಸಕ್ಕೊಂದು, ಭೂಗೋಳಕ್ಕೊಂದು ಹುದ್ದೆಗೆ ಅರ್ಜಿ ಕರೆಯಿತು. ಇಬ್ಬರೂ ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆವು, ಒಂದೇ ಡಬ್ಬಿಯ ಚಪಾತಿ ತಿಂದೆವು. ಅವಳಿಗೆ ಆದೇಶ ಬಂತು. ಇತಿಹಾಸದ ಹುದ್ದೆ ಬೇರೆ ಯಾರಿಗೋ ಹೋಯಿತು. ಮೆಹರು ಪೇಢೆ ತಗೊಂಡು ಮಸೂತಿಗೆ ಬಂದಳು. ನಮ್ಮವ್ವ ಅವಳ ತಲೆ ಸವರಿದಳು. ನಾನು ಪೇಢೆ ಬಾಯಿಗೆ ಹಾಕಿಕೊಂಡೆ, ಅದು ನುಂಗಲಾಗದೆ ಬಹಳ ಹೊತ್ತು ಅಲ್ಲೇ ಇತ್ತು. ಎರಡು ತಿಂಗಳ ಮೇಲೆ ರಸ್ತೆಯ ಈ ಬದಿಯ ಕಾಲೇಜು ನನ್ನನ್ನು ಕರೆಯಿತು. ಹೋದೆ. ಹೀಗೆ ಕಾಲೇಜು ಆರಿಸಿಕೊಳ್ಳುವ ಅವಕಾಶ ನನಗಂತೂ ಸಿಗಲಿಲ್ಲ. ಆದರೆ ಮುಂದೆ ಸೇವೆ ಮುಗಿಯುವವರೆಗೂ ಬೇರೆಯವರ ಮಕ್ಕಳಿಗೆ ಯಾವ ಕಾಲೇಜು ಆರಿಸಿಕೊಳ್ಳಬೇಕೆಂದು ಹೇಳುವುದೇ ನನ್ನ ಅರ್ಧ ಕೆಲಸವಾಯಿತು.

ಹೊಸಬರಿಗೆ ಇದು ಗೊತ್ತಿರಲಿಕ್ಕಿಲ್ಲ. ಈಗ ಅರ್ಜಿ ಮೊಬೈಲಿನಲ್ಲೇ ತುಂಬುತ್ತಾರೆ. ಆಗ ಪಿಯುಸಿ ಫಲಿತಾಂಶ ಬಂದ ಮರುದಿನವೇ ಉಪನ್ಯಾಸಕರು ಹಳ್ಳಿಗಳಿಗೆ ಹೊರಡಬೇಕಿತ್ತು. ಪಾಸಾದವರ ಪಟ್ಟಿ, ಒಂದು ಛತ್ರಿ, ನೀರಿನ ಬಾಟಲಿ. ಮನೆ ಹುಡುಕಿ, ಜಮಖಾನೆಯ ಮೇಲೆ ಕೂತು, ಹುಡುಗಿಯ ಅಪ್ಪನಿಗೆ ನಮ್ಮ ಕಾಲೇಜಿನ ಗುಣ ಹೇಳಬೇಕು. ನಮ್ಮ ಪ್ರಾಚಾರ್ಯ ಪಾಟೀಲರು ನನಗೆ ಒಂದೇ ವಾಕ್ಯ ಕಲಿಸಿದ್ದರು: 'ನಮ್ಮಲ್ಲಿ ಗಂಡು ಹುಡುಗರಿಲ್ಲ.' ಅದನ್ನು ಹೇಳಿದರೆ ಸಾಕು, ಅರ್ಧ ಮನೆಗಳಲ್ಲಿ ಕೆಲಸ ಮುಗಿಯುತ್ತಿತ್ತು. ಆ ವಾಕ್ಯ ಹೇಳುವಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಆದರೆ ಅದೊಂದು ಮಾತಿನಿಂದಲೇ ಓದು ಮುಂದುವರಿಸಿದ ಹುಡುಗಿಯರನ್ನೂ ಕಂಡಿದ್ದೇನೆ. ಆ ಕಂಪೌಂಡ್ ಇಲ್ಲದಿದ್ದರೆ ಅವರು ಆ ಮೇ ತಿಂಗಳಲ್ಲೇ ಹಸೆಮಣೆ ಏರುತ್ತಿದ್ದರು. ಆದ್ದರಿಂದ ಮಹಿಳಾ ಕಾಲೇಜಿನ ಬಗ್ಗೆ ಯಾರಾದರೂ ಹಗುರಾಗಿ ಮಾತಾಡಿದರೆ ನಾನು ಇವತ್ತಿಗೂ ಸಹಿಸುವುದಿಲ್ಲ.

ಒಮ್ಮೆ ಇಂಡಿ ರಸ್ತೆಯ ಒಂದು ಹಳ್ಳಿಯಲ್ಲಿ ಹೀಗೇ ಒಂದು ಮನೆಗೆ ಹೋದರೆ, ಜಮಖಾನೆಯ ಮೇಲೆ ಮೆಹರು ಆಗಲೇ ಕೂತಿದ್ದಳು. ದೊಡ್ಡ ಕಾಲೇಜಿಗೆ ಹುಡುಗಿಯನ್ನು ಕೇಳಲು ಬಂದಿದ್ದಳು. ಹುಡುಗಿಯ ಅಪ್ಪ ಹೊಲಕ್ಕೆ ಹೋಗಿದ್ದ, ವ್ಯವಹಾರವೆಲ್ಲ ಅಜ್ಜಿಯ ಕೈಯಲ್ಲಿತ್ತು. ಮೆಹರು ಗ್ರಂಥಾಲಯದ ಮಾತು ಹೇಳಿದಳು, ನಾನು ಕಂಪೌಂಡಿನ ಮಾತು ಹೇಳಿದೆ. ಅಜ್ಜಿ ಇಬ್ಬರನ್ನೂ ನೋಡಿ, 'ನೀವಿಬ್ರೂ ಎಲ್ಲಿ ಕಲತೀರಿ?' ಎಂದಳು.

'ಬಾಗೇವಾಡ್ಯಾಗ ಎವ್ವಾ, ಇಬ್ರೂ ಒಂದ ಕ್ಲಾಸಿನ್ಯಾಗ' ಎಂದಳು ಮೆಹರು.

'ಅಲ್ಲಿ ಗಂಡ್ಹುಡುಗ್ರು ಇದ್ರು?'

'ಇದ್ರು.'

ಅಜ್ಜಿ ನನ್ನ ಕಡೆ ತಿರುಗಿದಳು. 'ಮತ್ತ ನಿನಗೇನಾತು?'

'ಏನೂ ಆಗಲಿಲ್ರಿ' ಎಂದೆ.

'ಏನೂ ಆಗಿಲ್ಲಂದ್ರ ಕಂಪೌಂಡ ಯಾಕ?'

ಮೆಹರು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ದೊಡ್ಡ ಕಾಲೇಜಿಗೆ ಹೋದಳು. ವಾಪಸು ಬರುವಾಗ ಮೆಹರು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, ಏನೂ ಆಗಿಲ್ಲವೆಂಬಂತೆ ಮನೆಯ ಸುದ್ದಿ ಮಾತಾಡಿದಳು. ಅವಳಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಹೊಟ್ಟೆಕಿಚ್ಚಿನಲ್ಲಿ ಮಾಡಿದ ಕೆಲಸ ಎಂದೂ ನೆಟ್ಟಗಾಗುವುದಿಲ್ಲ. ದೊಡ್ಡ ಕಾಲೇಜಿನಲ್ಲಿ ಪ್ರತಿ ವರ್ಷ ಚರ್ಚಾಸ್ಪರ್ಧೆ ನಡೆಯುತ್ತಿತ್ತು, ಸುತ್ತಲಿನ ತಾಲೂಕುಗಳಿಂದ ತಂಡಗಳು ಬರುತ್ತಿದ್ದವು. ಒಂದು ವರ್ಷ ನಾನು ಹಟ ಹಿಡಿದು ಅದೇ ದಿನ ನಮ್ಮಲ್ಲೂ ಸ್ಪರ್ಧೆ ಇಡಿಸಿದೆ. ನಿರ್ಣಾಯಕರಾಗಿ ಇಂಡಿಯಿಂದ ಒಬ್ಬ ನಿವೃತ್ತ ಗುರುಗಳನ್ನು ಕರೆಸಿದ್ದೆ. ಅವರು ಬಸ್ಸಿಳಿದು ಆಟೊದವನಿಗೆ 'ಚರ್ಚಾಸ್ಪರ್ಧೆ ಎಲ್ಲೈತಿ, ಅಲ್ಲಿಗೆ ಬಿಡಪ್ಪ' ಎಂದಿದ್ದಾರೆ. ಆತ ಅವರನ್ನು ದೊಡ್ಡ ಕಾಲೇಜಿನಲ್ಲಿ ಇಳಿಸಿದ. ಅಲ್ಲಿಯವರು ಹಿರಿಯರು ಬಂದರೆಂದು ವೇದಿಕೆಯ ಮೇಲೆ ಕೂರಿಸಿದರು. ನಾನು ಗೇಟಿನಲ್ಲಿ ಹಾರ ಹಿಡಿದು ನಿಂತೇ ಇದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರು ರಸ್ತೆ ದಾಟಿ ಬಂದು, 'ಸುವರ್ಣಾ ಮೇಡಂ ಅಂದ್ರ ಯಾರ್ರಿ? ಅಲ್ಲಿ ವೇದಿಕಿ ಮ್ಯಾಲಿದ್ದವ್ರಿಗೆ ಯಾರಿಗೂ ಗೊತ್ತಿಲ್ಲಲ್ಲ' ಎಂದು ಕೇಳಿದರು. ಪಾಟೀಲರು ನನ್ನ ಕೈಯಿಂದ ಹಾರ ತೆಗೆದುಕೊಂಡರು. ಆ ಹಾರವನ್ನು ಗುರುಗಳ ಕೊರಳಿಗೆ ಅವರೇ ಹಾಕಿದರು.

ಇಲ್ಲಿಯವರೆಗಿನದು ನಗುವ ಮಾತು. ಇನ್ನು ರೇಣುಕಾಳ ಮಾತು.

ರೇಣುಕಾ ಯಂಕಂಚಿಯವಳು. ಪಿಯುಸಿ ನಮ್ಮಲ್ಲೇ ಓದಿದಳು. ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಎದ್ದು ನಿಂತು, 'ಮೇಡಂ, ಆ ರಾಜ ಇಲ್ಲಿಂದ ಅಲ್ಲಿಗೆ ಹೋಗಾಕ ಈ ದಾರಿ ಯಾಕ ಹಿಡದ? ನದಿ ದಂಡಿ ಹಿಡದ್ರ ಸಮೀಪ ಆಗ್ತಿತ್ತಲ್ರಿ?' ಎಂದು ಕೇಳುವ ಹುಡುಗಿ. ನನ್ನ ಇಡೀ ಸೇವೆಯಲ್ಲಿ ಅಂಥವರು ಇಬ್ಬರೋ ಮೂವರೋ ಸಿಕ್ಕಿರಬಹುದು. ಅವಳು ಎದ್ದು ನಿಂತರೆ ನನಗೆ ಹಬ್ಬ.

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಅವಳು ಒಂದು ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಪುಟದ ನಡುವೆ ಗೆರೆ ಎಳೆದು, ಒಂದು ಬದಿಗೆ ನಮ್ಮ ಕಾಲೇಜು, ಇನ್ನೊಂದು ಬದಿಗೆ ಅವರ ಕಾಲೇಜು ಎಂದು ಬರೆದಿದ್ದಳು. ನಮ್ಮ ಬದಿಯಲ್ಲಿ: ಗೊತ್ತಿರುವ ಮೇಡಂ, ಗೆಳತಿಯರು, ಅಪ್ಪನಿಗೆ ಸಮಾಧಾನ. ಅವರ ಬದಿಯಲ್ಲಿ ಒಂದೇ ಶಬ್ದ: ಭೂಗೋಳ.

'ದೊಡ್ಡ ಕಾಲೇಜಿನ್ಯಾಗ ಒಂದಿನ ಯಾರ ಬೇಕಾದ್ರೂ ಬಂದು ಕ್ಲಾಸಿನ್ಯಾಗ ಕೂಡ್ರಬಹುದು ಅಂದಿದ್ರಲ್ರಿ, ಹೋಗಿದ್ದೆ' ಎಂದಳು. 'ಮೆಹರುನ್ನಿಸಾ ಮೇಡಂ ಹಳೇ ಕೊಲ್ಹಾರದ ನಕಾಶೆ ಬೋರ್ಡಿನ ಮ್ಯಾಲೆ ತಗದ್ರರಿ. ಈಗ ಡ್ಯಾಮಿನ ನೀರಾಗ ಮುಳಗೈತಲ್ಲ, ಆ ಊರು. ಪ್ಯಾಟಿ ಎಲ್ಲಿತ್ತು, ಮಸೀದಿ ಎಲ್ಲಿತ್ತು, ಅವ್ರ ಮನಿ ಎಲ್ಲಿತ್ತು, ಎಲ್ಲಾ ತಗದು, ನೀರು ಮೊದಲ ಯಾವ ಓಣಿಗೆ ಬಂತು, ಯಾಕ ಬಂತು ಹೇಳ್ರಿ ಅಂತ ನಮಗ ಕೇಳಿದ್ರು. ನಾ ಹೇಳಿದೆ. ಖರೇ ಇತ್ತು! ನನಗ ಅದ ಕಲೀಬೇಕಾಗೈತ್ರಿ. ನೀವ ಹೇಳ್ರಿ ಮೇಡಂ, ಯಾವುದಕ್ಕ ಹೋಗ್ಲಿ?'

ಉತ್ತರ ನನಗೆ ಗೊತ್ತಿತ್ತು. ನಮ್ಮಲ್ಲಿ ಭೂಗೋಳ ಇರಲಿಲ್ಲ. ಬಿ.ಎ.ಯಲ್ಲಿ ಆ ವಿಷಯ ಓದದಿದ್ದರೆ ಎಂ.ಎ.ಗೆ ಅದರ ಬಾಗಿಲೇ ತೆರೆಯುವುದಿಲ್ಲ. ಈ ಹುಡುಗಿಗೆ ತಕ್ಕ ಜಾಗ ರಸ್ತೆಯಾಚೆಗೆ ಇದೆ ಎಂದು ಯಾವ ಕುರುಡನಾದರೂ ಹೇಳುತ್ತಿದ್ದ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು 'ಮೆಹರುನ್ನಿಸಾ ಮೇಡಂ' ಎನ್ನುವಾಗ ಅವಳ ದನಿಯಲ್ಲಿ ಬಂದ ಹೊಳಪು. ಎರಡು ವರ್ಷ ನಾನು ಕಲಿಸಿದ್ದೆ. ಮೆಹರು ಒಂದು ತಾಸಿನಲ್ಲಿ ಅವಳನ್ನು ಗೆದ್ದಿದ್ದಳು.

'ವಿಚಾರ ಮಾಡು, ಅವಸರ ಏನೈತಿ' ಎಂದು ಕಳಿಸಿದೆ.

ಮೂರು ದಿನದ ಮೇಲೆ ಅವಳ ಅಪ್ಪ ಶರಣಪ್ಪ ಬಂದರು. ಕುರ್ಚಿ ತೋರಿಸಿದರೂ ಕೂರದೆ, ಟೋಪಿ ಕೈಯಲ್ಲಿ ಹಿಡಿದು ನಿಂತರು. 'ರೇಣುಕಾ ದೊಡ್ಡ ಕಾಲೇಜಿಗೆ ಹೋಗ್ತೇನಿ ಅನ್ನಾಕತ್ಯಾಳ್ರಿ. ನನಗೇನ ತಿಳೀತೈತಿ ಮೇಡಂ? ಒಂದ ಮಾತ ಹೇಳ್ರಿ. ನಿಮ್ಮ ಮಗಳಾಗಿದ್ರ ಅಲ್ಲಿ ಕಲ್ಯಾಕ ಹಚ್ಚತಿದ್ರೇನ್ರಿ?'

ನಾನು ಸುಳ್ಳು ಹೇಳಲಿಲ್ಲ. ಆ ಕಾಲೇಜಿನ ಬಗ್ಗೆ ಒಂದು ಕೆಟ್ಟ ಶಬ್ದವನ್ನೂ ಆಡಲಿಲ್ಲ. ಮುಖ ತಿರುಗಿಸಿ ಕಿಟಕಿಯ ಆಚೆ ನೋಡಿದೆ. 'ನಾ ಏನ ಹೇಳ್ಲಿ ಬಿಡ್ರಿ. ನೀವು ತಿಳದವರು' ಎಂದೆ.

'ತಿಳೀತ್ರಿ' ಎಂದರು ಶರಣಪ್ಪ. ಕೈಮುಗಿದು ಹೋದರು.

ಆ ವರ್ಷ ನಮ್ಮ ಬಿ.ಎ. ಪ್ರವೇಶದ ಪಟ್ಟಿಯಲ್ಲಿ ರೇಣುಕಾಳ ಹೆಸರು ಮೊದಲನೆಯದಾಗಿತ್ತು. ಪಾಟೀಲರು ಖುಷಿಪಟ್ಟರು, ನಾನೂ ಗೆದ್ದೆನೆಂದುಕೊಂಡೆ. ಮೊದಲ ದಿನ ತರಗತಿಗೆ ಹೋಗಿ, ಎಂದಿನಂತೆ ಪಾಠ ಅರ್ಧಕ್ಕೆ ತಂದು, ಬೇಕೆಂದೇ ಒಂದು ಎಡವಟ್ಟು ಮಾತು ಆಡಿ ನಿಲ್ಲಿಸಿದೆ, ಅವಳು ಎದ್ದು ಕೇಳಲಿ ಎಂದು. ಅವಳು ಏಳಲಿಲ್ಲ. ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಮರುದಿನವೂ ಹಾಗೇ. ಮೂರು ವರ್ಷ ಅವಳು ನನ್ನ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲ ಪರೀಕ್ಷೆಯಲ್ಲೂ ಮೊದಲಿಗಳು. ಎದುರಾದರೆ 'ನಮಸ್ಕಾರ್ರಿ ಮೇಡಂ', ಅಷ್ಟೇ. ನನ್ನನ್ನು ಕೇಳಿಹೋದ ದಿನವೇ ಅವಳ ಅಪ್ಪ ಮನೆಗೆ ಹೋಗಿ ನಡೆದದ್ದನ್ನು ಹಾಗೇ ಹೇಳಿದ್ದರು ಎಂದು ನನಗೆ ಅರ್ಥವಾಗಲು ತಡವಾಯಿತು.

ಅವಳು ಎರಡನೆಯ ವರ್ಷದಲ್ಲಿದ್ದಾಗ ಒಂದು ಗುರುವಾರ ಮಧ್ಯಾಹ್ನ ಅದೇ ಕಿಟಕಿಯಿಂದ ಕಂಡೆ. ದೊಡ್ಡ ಕಾಲೇಜಿನ ಪಡಸಾಲೆಯಲ್ಲಿ ಮೆಹರು ನೆಲದ ಮೇಲೆ ಒಂದು ದೊಡ್ಡ ನಕಾಶೆ ಹಾಸಿದ್ದಳು. ಸುತ್ತ ಏಳೆಂಟು ಹುಡುಗರು, ಹುಡುಗಿಯರು. ನಡುವೆ ಮೊಣಕಾಲೂರಿ ಕೂತು ಬೆರಳಿಟ್ಟು ಏನನ್ನೋ ವಾದಿಸುತ್ತಿದ್ದವಳು ನಮ್ಮ ರೇಣುಕಾ. ಒಬ್ಬ ಹುಡುಗ ಅಡ್ಡಮಾತಾಡಿದ, ಅವಳು ಅವನ ಕೈ ಸರಿಸಿ ಮತ್ತೆ ತೋರಿಸಿದಳು. ಮೆಹರು ಗಲ್ಲಕ್ಕೆ ಕೈಹಚ್ಚಿ ಕೇಳುತ್ತಿದ್ದಳು. ಬಾಯಿ ಸತ್ತವಳು ಎಂದು ನಾನು ತಿಳಿದಿದ್ದ ಹುಡುಗಿ ಅಲ್ಲಿ ಕೂತು ಮಾತಾಡುತ್ತಿದ್ದಳು.

ನೆಟ್ಟಗೆ ಪಾಟೀಲರ ಕೋಣೆಗೆ ಹೋದೆ. 'ಸರ್, ನಮ್ಮ ಹುಡುಗಿಯರು ಕಾಲೇಜಿನ ವ್ಯಾಳ್ಯಾದಾಗ ಹೊರಗ ಹೋಗಾಕತ್ಯಾರ. ಗೇಟ್ ಹಾಕಸ್ರಿ. ನಾಳೆ ಏನರ ಆದ್ರ ಅಪ್ಪ-ಅವ್ವಗ ಏನ ಉತ್ತರ ಕೊಡೋದು?'

ಪಾಟೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ರೇಣುಕಾನ ಮಾತೇನ್ರಿ?'

'ಹೌದ್ರಿ.'

'ಮೆಹರುನ್ನಿಸಾ ಮೇಡಂ ವರ್ಷದ ಹಿಂದ ಬಂದು ನನ್ನ ಪರವಾನಗಿ ಕೇಳ್ಯಾರ. ಗುರುವಾರ ಎರಡ ತಾಸು. ನಾ ಕೊಟ್ಟೀನಿ. ಆ ಹುಡುಗಿ ಅವ್ವನೂ ಒಪ್ಯಾಳ.'

'ನನಗ ಹೇಳಲಿಲ್ಲಲ್ರಿ?'

'ನಿಮಗ ಹೇಳಬ್ಯಾಡ್ರಿ ಅಂತ ನಾನ ಹೇಳೀನಿ' ಎಂದರು ಪಾಟೀಲರು. 'ಹೇಳಿದ್ರ ನೀವು ಗೇಟ್ ಹಾಕಸ್ರಿ ಅಂತ ಬರ್ತಿದ್ರಿ. ಈಗ ಬಂದೀರಲ್ಲ, ಹಂಗ.'

ಕಟುವಾಗಿ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು. ಮೇಲಧಿಕಾರಿ ಬೈದರೆ ಮರೆತುಬಿಡಬಹುದು. ನಮ್ಮನ್ನು ಸರಿಯಾಗಿ ಅಳೆದಿದ್ದಾರೆ ಎಂದು ಗೊತ್ತಾದರೆ ಮರೆಯುವುದು ಕಷ್ಟ.

ಸಂಜೆ ಮೆಹರುವನ್ನು ಅವಳ ಕಾಲೇಜಿನ ಗೇಟಿನಲ್ಲಿ ತಡೆದು ನಿಲ್ಲಿಸಿದೆ. 'ನನ್ನ ವಿದ್ಯಾರ್ಥಿನ ಕದ್ದಿ' ಎಂದೆ.

'ಕದಿಯಾಕ ಅಕಿ ಪಾತ್ರಿ-ಭಾಂಡೆ ಏನ?' ಎಂದಳು. 'ಅಕಿಗೆ ಕಲೀಬೇಕಾಗಿತ್ತು, ಕಲಸಾಕತ್ತೇನಿ. ಆದ್ರ ನಾ ಎಷ್ಟ ಕಲಿಸಿದ್ರೂ ಅಕಿ ಮಾರ್ಕ್ಸ್ ಕಾರ್ಡಿನ್ಯಾಗ ಭೂಗೋಳ ಬರಂಗಿಲ್ಲ ಸುವರ್ಣಾ. ಅದು ನಿನ್ನಿಂದ ಆತು. ಅವ್ರ ಮನಿಗೆ ಹೋದಾಗ ಶರಣಪ್ಪ ನನ್ನ ಮುಂದೂ ಹೇಳ್ಯಾನ.'

ನಾನು ಸೋತ ಸಿಟ್ಟಿನಲ್ಲಿ ಕೇಳಿಬಿಟ್ಟೆ: 'ನಿನಗ ನನ್ನ ಮ್ಯಾಲೆ ಎಂದೂ ಹೊಟ್ಟಿಕಿಚ್ಚ ಬಂದಿಲ್ಲೇನ? ಒಂದ ಸಲನೂ?'

ಮೆಹರು ಪ್ರಾಮಾಣಿಕವಾಗಿ ನೆನಪಿಸಿಕೊಳ್ಳಲು ನೋಡಿದಳು. ಆಮೇಲೆ, 'ಇಲ್ಲವಾ. ಪುರಸೊತ್ತ ಆಗಿಲ್ಲ' ಎಂದಳು.

ಅವಳು ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ರೇಣುಕಾ ಇತಿಹಾಸದಲ್ಲೇ ಎಂ.ಎ. ಮಾಡಿದಳು. ಬಿ.ಎಡ್. ಮುಗಿಸಿ ಮುದ್ದೇಬಿಹಾಳದ ಒಂದು ಹೈಸ್ಕೂಲಿಗೆ ಸೇರಿದಳು. ಪಾಟೀಲರು ನಿವೃತ್ತರಾದರು, ನಾನು ಪ್ರಭಾರಿ ಪ್ರಾಚಾರ್ಯಳಾದೆ. ಅಷ್ಟರಲ್ಲಿ ಕಾಲ ಬದಲಾಗಿ, ಕಂಪೌಂಡಿನ ಮಾತಿಗೆ ಬೆಲೆ ಕಡಿಮೆಯಾಗಿ, ನಮ್ಮ ಕಾಲೇಜಿಗೆ ಬರುವವರು ಇಳಿದಿದ್ದರು. ಇನ್ನೂ ಇಳಿದರೆ ಇತಿಹಾಸ ವಿಭಾಗವನ್ನೇ ಮುಚ್ಚಬೇಕಾಗುತ್ತದೆ ಎಂದು ಆಡಳಿತ ಮಂಡಳಿ ಹೇಳಿತ್ತು. ಒಬ್ಬೊಬ್ಬ ಹುಡುಗಿಯೂ ನಮಗೆ ಬೇಕಾಗಿದ್ದ ದಿನಗಳು ಅವು; ವಿಭಾಗ ಉಳಿಯಿತೆಂಬುದು ಆಮೇಲಿನ ಮಾತು.

ಆಗಲೇ ಒಂದು ವರ್ಷ, ಪಿಯುಸಿ ಪರೀಕ್ಷೆ ಮುಗಿದ ಹೊತ್ತಿಗೆ, ಮುದ್ದೇಬಿಹಾಳದ ಆ ಹೈಸ್ಕೂಲಿನವರು ಭಾಷಣ ಸ್ಪರ್ಧೆಗೆ ನನ್ನನ್ನು ನಿರ್ಣಾಯಕಳಾಗಿ ಕರೆದರು. ರೇಣುಕಾ ಅಲ್ಲಿದ್ದಾಳೆಂದು ಗೊತ್ತಿದ್ದೇ ಹೋದೆ. ಅವಳ ತರಗತಿಯ ಗೋಡೆಗೆ ಮಕ್ಕಳು ಬರೆದ ನಕಾಶೆಗಳು: ಅವರವರ ಓಣಿ, ಅವರವರ ಹಳ್ಳ, ಅವರವರ ಬಾವಿ. ಅವನ್ನು ನೋಡುತ್ತಾ ನಿಂತು ಹೇಳಿದೆ: 'ರೇಣುಕಾ, ಅವತ್ತ ನಿಮ್ಮಪ್ಪ ಕೇಳಿದಾಗ ನಾ ತಪ್ಪ ಮಾಡಿದೆ. ಮನಸಿನ್ಯಾಗ ಇಟಗೋಬ್ಯಾಡ.'

ಅವಳು ಸಣ್ಣ ಹುಡುಗಿಯಲ್ಲ ಈಗ. ನನ್ನ ಕಣ್ಣಿನಲ್ಲೇ ಕಣ್ಣಿಟ್ಟು ನೋಡಿದಳು.

'ಮಾಫಿ ನನಗ ಬ್ಯಾಡ್ರಿ ಮೇಡಂ. ಅದರಿಂದ ನನಗೇನ ಆಗಬೇಕಾಗೈತಿ? ನನ್ನ ತಂಗಿ ಸವಿತಾ ಈ ವರ್ಷ ಪಿಯುಸಿ ಪರೀಕ್ಷಾ ಬರದಾಳ. ಅಕಿಗೂ ದೊಡ್ಡ ಕಾಲೇಜ ಬೇಕಂತ. ಅಪ್ಪ ಇವತ್ತಿಗೂ ಅದನ್ನ ಹೇಳ್ತಾನ್ರಿ, "ಸುವರ್ಣಾ ಮೇಡಂ ಮಾರಿ ತಿರುವಿದ್ರು, ಅಂದ್ರ ಅಲ್ಲಿ ಏನೋ ಐತಿ" ಅಂತ. ನನ್ನ ಮಾತ ಕೇಳಂಗಿಲ್ಲ. ನೀವ ಯಂಕಂಚಿಗೆ ಬಂದು ಹೇಳ್ರಿ.'

ಪಿಯುಸಿ ಫಲಿತಾಂಶ ಬಂದ ಮೇಲಿನ ಭಾನುವಾರ ಮುಂಜಾನೆ ಯಂಕಂಚಿಗೆ ಹೋದೆ. ಇಷ್ಟು ವರ್ಷ ಜಮಖಾನೆಯ ಮೇಲೆ ಕೂತು ನಮ್ಮ ಕಾಲೇಜಿಗೆ ಕರೆದವಳು, ಅವತ್ತು ಅದೇ ಥರದ ಜಮಖಾನೆಯ ಮೇಲೆ ಕೂತು, 'ಶರಣಪ್ಪನವರ, ಸವಿತಾನ್ನ ದೊಡ್ಡ ಕಾಲೇಜಿಗೆ ಹಚ್ಚರಿ. ಅಲ್ಲಿ ಏನೂ ಕೆಟ್ಟದ್ದಿಲ್ಲ. ಚಲೋ ಕಲಸ್ತಾರ. ಮಗಳಿದ್ದಿದ್ರ ನಾನೂ ಅಲ್ಲೇ ಹಚ್ಚತಿದ್ದೆ' ಎಂದೆ.

ಶರಣಪ್ಪ ಕೇಳಿದರು: 'ಮತ್ತ ಅವತ್ತ ಯಾಕ ಹೇಳ್ಲಿಲ್ರಿ?'

ರೇಣುಕಾ ಬಾಗಿಲಿಗೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಸವಿತಾ.

'ಹೊಟ್ಟಿಕಿಚ್ಚರಿ' ಎಂದೆ. 'ಅಲ್ಲಿ ಕಲಸೂ ಮೇಡಂ ಮ್ಯಾಲೆ ನನಗ ಹೊಟ್ಟಿಕಿಚ್ಚಿತ್ತು. ನಿಮ್ಮ ಮಗಳು ಅವ್ರ ಕಡೆ ಹೋಗಬಾರ್ದು ಅಂತ ಸುಮ್ಮನ ಕುಂತೆ.'

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶರಣಪ್ಪನವರ ಮುಖ ಕೆಂಪಾಯಿತು. ಬೈಯುತ್ತಾರೆ, ಬೈಯಲಿ ಎಂದು ಕಾದೆ. ಅವರು ರೇಣುಕಾಳ ಕಡೆ ತಿರುಗಿ, 'ನಾ ನಿನ್ನ ಕೇಳಬೇಕಾಗಿತ್ತವ್ವ. ಮಂದೀನ್ನ ಕೇಳಿದೆ' ಎಂದರು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಳ್ಳುತ್ತಾ ನನಗೆ ನೀರು ತಂದುಕೊಟ್ಟಳು.

'ನಾ ಅಲ್ಲಿಗೆ ಬರಂಗಿಲ್ಲ ಮೇಡಂ' ಎಂದರು ಶರಣಪ್ಪ ಕೊನೆಗೆ. 'ಸಹಿ ಮಾಡಿ ಕೊಡ್ತೇನಿ. ನಾಳೆ ಇಕಿನ್ನ ನೀವ ಕರಕೊಂಡ ಹೋಗಿ ಹಚ್ಚರಿ.'

ಮರುದಿನ ನಮ್ಮ ಕಾಲೇಜಿನ ಗೇಟಿನಿಂದಲೇ ಸವಿತಾಳನ್ನು ಕರೆದುಕೊಂಡು ರಸ್ತೆ ದಾಟಿದೆ. ನಮ್ಮ ಗುಮಾಸ್ತರು, ಇಬ್ಬರು ಉಪನ್ಯಾಸಕಿಯರು ಮಹಡಿಯ ಮೇಲಿಂದ ನೋಡುತ್ತಿದ್ದರು. ಒಂದು ತಲೆ ಕಡಿಮೆಯಾಯಿತೆಂದು ಅವರು ಎಣಿಸುತ್ತಿದ್ದರು, ನಾನೂ ಎಣಿಸುತ್ತಿದ್ದೆ. ಆ ಸಂದರ್ಶನದ ದಿನದ ಮೇಲೆ ನಾನು ಆ ಕಟ್ಟಡದ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಪ್ರವೇಶದ ಮೇಜಿಗೆ ಮೆಹರು ಕೂತಿದ್ದಳು. ನನ್ನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. 'ಮಾರ್ಕ್ಸ್ ಕಾರ್ಡ ಕೊಡವಾ. ಫೋಟೊ ಎರಡ ಬೇಕು' ಎಂದು ಅರ್ಜಿ ಮುಂದಿಟ್ಟಳು. ಸವಿತಾ ಒಂದೊಂದೇ ಅಂಕಣ ತುಂಬಿದಳು. ಕೊನೆಯಲ್ಲಿ, ಈ ಕಾಲೇಜನ್ನು ಏಕೆ ಆರಿಸಿಕೊಂಡಿದ್ದೀರಿ ಎಂದಿತ್ತು. ಅವಳು ಪೆನ್ನು ಎತ್ತಿ ಹಿಡಿದು ನನ್ನ ಕಡೆ ನೋಡಿದಳು.

'ಇಲ್ಲಿ ಏನ ಬರೀಲ್ರಿ ಮೇಡಂ?'

'ನನ್ನ ಕೇಳಬ್ಯಾಡ' ಎಂದೆ. 'ನೀನ ಬರಿ.'

ಅವಳು ಒಂದು ಸಾಲು ಬರೆದಳು. ಸ್ವಲ್ಪ ಯೋಚಿಸಿ ಅದರ ಕೆಳಗೆ ಇನ್ನೊಂದು ಬರೆದಳು. ನಾನು ಬಗ್ಗಿ ನೋಡಿದೆ. ಹುಡುಗಿ ತಟ್ಟನೆ ಅಂಗೈಯಿಂದ ಕಾಗದ ಮುಚ್ಚಿಕೊಂಡು, ನಾಚಿ ನಕ್ಕು, ಅರ್ಜಿಯನ್ನು ನನ್ನ ಕೈತಪ್ಪಿಸಿ ಮೆಹರುವಿಗೆ ಕೊಟ್ಟಳು. ಮೆಹರು ಕನ್ನಡಕ ಏರಿಸಿ ಓದಿದಳು. ಓದಿ, ಅವಳನ್ನೊಮ್ಮೆ ತಲೆಯೆತ್ತಿ ನೋಡಿ, ಮತ್ತೊಮ್ಮೆ ಓದಿದಳು.

ಆ ಎರಡು ಸಾಲು ನಾನು ಇವತ್ತಿಗೂ ಓದಿಲ್ಲ. ಕೇಳಬಾರದೆಂದು ಗೊತ್ತಿದ್ದರೂ ಮೆಹರುವನ್ನು ಎರಡು ಸಲ ಕೇಳಿದ್ದೇನೆ. ಹೇಳಿಲ್ಲ.